ಮೇಷ್ಟ್ರ ಬಗ್ಗೆ ಎರಡು ಪುಟ

“ಕನ್ನಡಕ ತೆಗೆದು ಜೇಬಲ್ಲಿಟ್ಕೋ. ಒಳಗೆ ಬಿದ್ರೆ ನಾನಂತೂ ಹುಡುಕಿಕೊಡಲ್ಲ,” ಎಂದರು ಮೇಷ್ಟ್ರ ಹೆಂಡತಿ.

ಹೆಡ್‌ಮಾಸ್ಟರು ಕನ್ನಡಕ ತೆಗೆದರು. ಅಂಗಿಯ ತೋಳನ್ನು ಹೆಗಲವರೆಗೂ ಏರಿಸಿ ಬಕೆಟ್ಟಿನ ಸೋಪುನೀರಿನಲ್ಲಿ ಕೈ ಅದ್ದಿದರು. ಅವರು ಬಂದದ್ದು ಇದಕ್ಕಲ್ಲ. ಚಿಕ್ಕಂದಿನಲ್ಲಿ ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ತೀರಿಕೊಂಡು ಮೂರು ವಾರವಾಗಿತ್ತು. ಭಾನುವಾರ ಶಾಲೆಯಲ್ಲಿ ಅವರ ನೆನಪಿಗೊಂದು ಸಭೆ. ಅಲ್ಲಿ ಓದಲೆಂದು ಎರಡು ಪುಟ ಬರೆದುಕೊಂಡು, ತಾವು ಅಮ್ಮ ಎಂದೇ ಕರೆಯುವ ಮೇಷ್ಟ್ರ ಹೆಂಡತಿಗೊಮ್ಮೆ ತೋರಿಸಿ ಹೋಗೋಣವೆಂದು ಬಂದರೆ ಮನೆಗೆ ಬೀಗ. ಹಿಂದಿನ ಕೊಟ್ಟಿಗೆಯಲ್ಲಿ ಚೊಚ್ಚಲ ಬಸಿರಿನ ಕಡಸೊಂದು ಮಧ್ಯಾಹ್ನದಿಂದ ನೋವು ತಿನ್ನುತ್ತಿತ್ತು. ಕರುವಿನ ಮೂಗಿನ ತುದಿ, ಒಂದೇ ಒಂದು ಗೊರಸು ಹೊರಗೆ ಕಾಣುತ್ತಿದ್ದವು. ದನದ ಡಾಕ್ಟರು ಬರಲು ಇನ್ನೂ ಎರಡು ಗಂಟೆ ಬೇಕಿತ್ತು.

“ಇನ್ನೊಂದು ಕಾಲು ಒಳಗೇ ಮಡಚಿಕೊಂಡಿದೆ. ಎರಡು ಗಂಟೆ ಇದು ತಡೆಯಲ್ಲ. ನನ್ನ ಮಣಿಕಟ್ಟಿಗೆ ಈಗ ಆ ಬಲ ಇಲ್ಲ ಕಣಪ್ಪ. ನೀನೇ ಕೈ ಹಾಕಬೇಕು.”

“ಅಮ್ಮಾ, ನಾನು ಚರಿತ್ರೆ ಪಾಠ ಮಾಡೋನು.”

“ನಿಮ್ಮ ಮೇಷ್ಟ್ರು ಲೆಕ್ಕ ಹೇಳಿಕೊಡ್ತಿದ್ರು. ಹಸುಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ? ಹಾಕು.”

ಹೆಡ್‌ಮಾಸ್ಟರು ಕಣ್ಣು ಮುಚ್ಚಿ ಕೈ ಹಾಕಿದರು. ಒಳಗೆ ಸುಡುವಷ್ಟು ಬಿಸಿ. ನೋವು ಬಂದಾಗ ಕಡಸು ಇಡೀ ಮೈ ಬಿಗಿಹಿಡಿಯಿತು. ಅವರ ತೋಳು ಬಾಗಿಲ ಸಂದಿಗೆ ಸಿಕ್ಕಿಕೊಂಡಂತೆ ನುಜ್ಜಾಯಿತು.

“ನೋವು ಬಂದಾಗ ಸುಮ್ಮನಿರು. ಬಿಟ್ಟಾಗ ಕರೂನ ಮೆಲ್ಲಗೆ ಹಿಂದಕ್ಕೆ ತಳ್ಳು, ಜಾಗ ಆಗುತ್ತೆ. ಅಲ್ಲಿವರೆಗೆ ಏನು ಬರ್ದಿದೀಯ ಹೇಳು ನೋಡೋಣ. ಬಾಯಿ ಮುಚ್ಕೊಂಡಿದ್ರೆ ನಿನ್ನ ಕೈ ನಡುಗುತ್ತೆ.”

“ಶಿಸ್ತಿನ ಸಿಪಾಯಿಯಾಗಿದ್ದ ಮೇಷ್ಟ್ರು,” ಎಂದು ಹೆಡ್‌ಮಾಸ್ಟರು ಏದುಸಿರಿನಲ್ಲೇ ಶುರುಮಾಡಿದರು, “ಮೂವತ್ನಾಲ್ಕು ವರ್ಷ ಗಣಿತ ಬೋಧಿಸಿ, ವಾಲಿಬಾಲ್ ತಂಡವನ್ನು ಕಟ್ಟಿ ಬೆಳೆಸಿ, ನಿವೃತ್ತಿಯ ನಂತರ ಪಶುಪಾಲನೆಯಲ್ಲಿ ತೊಡಗಿ, ಎಂದೂ ಒಂದು ತಪ್ಪು ಹೆಜ್ಜೆ ಇಡದೆ…”

“ಯಾರಪ್ಪ ಇವರು? ನಂಗೆ ಪರಿಚಯ ಇಲ್ಲ.”

ಹೆಡ್‌ಮಾಸ್ಟರಿಗೆ ಆ ಸ್ಥಿತಿಯಲ್ಲೂ ನಗು ಬಂತು.

“ನಿವೃತ್ತಿ ಆದ್ಮೇಲಂತೆ! ಮದುವೆಯಾದ ವರ್ಷವೇ ಮೂರು ಹಸು ಹೊಡ್ಕೊಂಡು ಬಂದ್ರು. ಇವತ್ತಿಗೆ ನಲವತ್ತಾಗಿವೆ. ಬೆಳಗ್ಗೆ ಹಾಲು ಕರೆದು, ಸಗಣಿ ಮೆತ್ತಿದ ಚಪ್ಪಲೀಲೇ ಶಾಲೆಗೆ ಓಡ್ತಿದ್ರು. ನೀವೆಲ್ಲ ಮೂಗು ಮುಚ್ಕೋತಿದ್ರಂತೆ.”

ಅದು ನಿಜ. ವಾಲಿಬಾಲ್ ಆಡುತ್ತಿದ್ದದ್ದೂ ಕೊಟ್ಟಿಗೆಯಾಚೆಗಿನ ಈ ಹುಲ್ಲುಗಾವಲಿನಲ್ಲೇ. ಬೇಲಿಯ ಎರಡು ಕಂಬಗಳ ನಡುವೆ ನೆಟ್ ಕಟ್ಟುತ್ತಿದ್ದರು. ಮೊದಲು ದನಗಳನ್ನು ಆಚೆ ಅಟ್ಟಬೇಕು, ಆಮೇಲೆ ಆಟ. ಚೆಂಡು ಸಗಣಿಯ ಮೇಲೆ ಬಿದ್ದರೆ ಬೀಳಿಸಿದವನೇ ತೊಳೆಯಬೇಕು.

“ಆ ಫೈನಲ್ ಮ್ಯಾಚಿನ ವಿಷಯ ಬರ್ದಿದೀಯಾ?”

ಹೆಡ್‌ಮಾಸ್ಟರ ಕೈ ನಿಂತಿತು. ಮೂವತ್ತೊಂದು ವರ್ಷದ ಹಿಂದಿನ ಮಾತು. ಕೊನೆಯ ಸರ್ವ್ ಆಗ ತಂಡದ ಹುಡುಗನಾಗಿದ್ದ ಅವರದೇ. ಚೆಂಡು ನೆಟ್ಟಿಗೆ ಬಡಿದು ಅವರ ಕಡೆಯೇ ಬಿದ್ದಿತ್ತು. ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಾ ಕೂತವರು ಒಂದು ಮಾತೂ ಆಡಿರಲಿಲ್ಲ. ಆಮೇಲೂ ಆಡಲಿಲ್ಲ. ಹುಡುಗ ಓದಿ, ಅದೇ ಶಾಲೆಗೆ ಹೆಡ್‌ಮಾಸ್ಟರಾಗಿ ಬಂದರೂ ಆ ಮಾತು ಇಬ್ಬರ ನಡುವೆ ಬಾರದೆ ಉಳಿದಿತ್ತು.

“ಇಲ್ಲಮ್ಮ. ನಾನು ಸೋಲಿಸಿದ ಮ್ಯಾಚದು. ಅವರು ನನ್ನನ್ನ ಕ್ಷಮಿಸಲೇ ಇಲ್ಲ.”

ಅಮ್ಮ ಕಡಸಿನ ಬೆನ್ನು ಸವರುವುದನ್ನು ಬಿಟ್ಟು ಅವರನ್ನೇ ನೋಡಿದರು.

“ನೀನು ಸೋಲಿಸಿದ್ದಾ? ಅವತ್ತು ಇಲ್ಲಿ ನಮ್ಮ ಹಳೇ ಹಸು ಕರು ಹಾಕೋದ್ರಲ್ಲಿತ್ತು. ಇವರು ಆಟ ನೋಡ್ತಾ ಕೂತಿದ್ರೂ ಮನಸ್ಸೆಲ್ಲ ಈ ಕೊಟ್ಟಿಗೇಲಿ. ‘ಹುಡುಗನ ಭುಜ ಸೋತುಹೋಗಿತ್ತು ಕಣೇ. ಕಣ್ಣಿಗೆ ಕಾಣ್ತಿತ್ತು, ತಲೆಗೆ ಹೋಗಲಿಲ್ಲ. ಬದಲಿ ಹುಡುಗನ್ನ ಇಳಿಸಬೇಕಿತ್ತು, ಮರೆತೆ. ನಾನೇ ಸೋಲಿಸಿದೆ,’ ಅಂತ ಬಂದು ಇದೇ ಬಾಗಿಲಲ್ಲಿ ನಿಂತು ಅತ್ರು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳ್ತೀನಿ ಅಂತ ಎಷ್ಟು ಸಲ ನಿನ್ನ ಆಫೀಸಿಗೆ ಬಂದಿದ್ರು! ವಾಪಸು ಬಂದು, ‘ಇವತ್ತೂ ಹುಲ್ಲಿನ ಮಾತಾಡಿ ಬಂದೆ,’ ಅಂತ ಮುಖ ಸಣ್ಣ ಮಾಡ್ಕೊಂಡು ಕೂರ್ತಿದ್ರು.”

ಹೌದು, ಬರುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನೀರು ಕುಡಿದು, ಹುಲ್ಲು ಈ ವರ್ಷ ಚೆನ್ನಾಗಿದೆ ಎಂದು ಎರಡೆರಡು ಸಲ ಹೇಳಿ ಏಳುತ್ತಿದ್ದರು. ಮುದುಕರಿಗೆ ಹೊತ್ತು ಹೋಗುವುದಿಲ್ಲವೆಂದು ಹೆಡ್‌ಮಾಸ್ಟರು ಗಡಿಯಾರ ನೋಡುತ್ತಿದ್ದರು.

ಅಷ್ಟರಲ್ಲಿ ಕಡಸು ಮೈ ಸಡಿಲಬಿಟ್ಟಿತು. ಕರುವನ್ನು ಹಿಂದಕ್ಕೆ ತಳ್ಳಿದ ಅವರ ಬೆರಳಿಗೆ ಒಳಗೆಲ್ಲೋ ಗಟ್ಟಿಯಾದದ್ದು ತಗುಲಿತು.

“ಸಿಕ್ತು! ಅಮ್ಮಾ, ಗೊರಸು!”

“ಅಂಗೈಯಲ್ಲಿ ಮುಚ್ಚಿ ಹಿಡ್ಕೋ, ಒಳಗೆ ಗೀರಬಾರದು. ಹಾಗೇ ಮುಂದಕ್ಕೆ ತಾ. ಮೆಲ್ಲಗೆ… ಮೆಲ್ಲಗೆ ಕಣೋ!”

ಗೊರಸು ಅಂಗೈಯೊಳಗೇ ಹೊರಳಿ ಮುಂದಕ್ಕೆ ಬಂತು. ಎರಡು ಕಾಲಿಗೂ ಹಗ್ಗ ಹಾಕಿ, ನೋವು ಬಂದಾಗಲೆಲ್ಲ ಇಬ್ಬರೂ ಕೆಳಮುಖವಾಗಿ ಎಳೆದರು. ನಾಲ್ಕನೆಯ ಸಲಕ್ಕೆ ಕರು ಜಾರಿ ಹೆಡ್‌ಮಾಸ್ಟರ ಮಡಿಲಿಗೇ ಬಿತ್ತು. ಅವರು ಹುಲ್ಲಿನ ಮೇಲೆ ಹಿಂದಕ್ಕೆ ಕೂತುಬಿಟ್ಟರು. ಕರು ಮಿಸುಕಲಿಲ್ಲ. ಅಮ್ಮ ಅದರ ಬಾಯಿಮೂಗಿನ ಲೋಳೆ ಬಳಿದು ತೆಗೆದು, ಹುಲ್ಲುಕಡ್ಡಿಯೊಂದನ್ನು ಮೂಗಿನ ಹೊಳ್ಳೆಯೊಳಗೆ ಆಡಿಸಿದರು. “ಉಜ್ಜು, ಎದೆ ಉಜ್ಜು,” ಎಂದರು. ಹೆಡ್‌ಮಾಸ್ಟರು ಗೋಣಿತಾಟಿನಿಂದ ಉಜ್ಜಿದರು, ಬೈಯುತ್ತಾ, ಬೇಡಿಕೊಳ್ಳುತ್ತಾ ಉಜ್ಜಿದರು. ಕರು ಒಮ್ಮೆ ಸೀನಿತು. ಆಮೇಲೆ ತಲೆ ಕೊಡವಿತು.

“ಹೆಣ್ಣು,” ಎಂದು ಅಮ್ಮ ನೆಲಕ್ಕೆ ಕೂತರು. ಕಡಸು ತಿರುಗಿ ಕರುವನ್ನು ನೆಕ್ಕತೊಡಗಿತು.

“ಅವರು ಹೇಳಿದ್ದನ್ನ… ಆ ಮ್ಯಾಚಿನ ಮಾತನ್ನ ಬರೀಲಾ ಅಮ್ಮಾ?”

“ಬರಿ. ತಪ್ಪು ಮಾಡಿದ್ರು, ಹೇಳೋಕೆ ಬಾಯಿ ಬರಲಿಲ್ಲ ಅಂತಾನೂ ಬರಿ. ಸಗಣಿ ಚಪ್ಪಲಿ ಬಿಡಬೇಡ. ಇಲ್ಲದಿದ್ರೆ ಭಾನುವಾರ ನಾನು ಬೇರೆ ಯಾರದೋ ಸಭೇಲಿ ಕೂತ ಹಾಗಾಗುತ್ತೆ.” ಅಮ್ಮ ಗೋಡೆ ಹಿಡಿದು ಎದ್ದರು. “ಹೊತ್ತಾಯ್ತು, ದನ ಒಳಗೆ ಬರೋ ಸಮಯ. ನಾನು ಇದನ್ನ ನೋಡ್ಕೋತೀನಿ. ಗೇಟು ತೆಗೆದು ಬಾ.”

ಹೆಡ್‌ಮಾಸ್ಟರು ಮೈಯೆಲ್ಲ ಲೋಳೆ, ಹುಲ್ಲು ಮೆತ್ತಿಕೊಂಡೇ ಇಳಿಜಾರು ಇಳಿದು ಗೇಟಿನ ಸರಪಳಿ ಬಿಚ್ಚಿದರು. ಇಳಿಬಿಸಿಲಿನಲ್ಲಿ ದನಗಳು ಒಂದರ ಹಿಂದೊಂದು ಅವರ ಪಕ್ಕದಲ್ಲೇ ಹಾದು ಹೋದವು. ಎಲ್ಲಕ್ಕಿಂತ ಹಿಂದೆ ಬಂದ ಮುದಿ ಹಸು ನಿಂತಿತು. ಅವರ ಕೈಯನ್ನು ಮೊಣಕೈಯವರೆಗೂ ಮೂಸಿ ನೋಡಿ, ಒರಟು ನಾಲಿಗೆಯಿಂದ ಒಮ್ಮೆ ನೆಕ್ಕಿ, ಒಳಗೆ ನಡೆಯಿತು.