ಸ್ಪಂದನಳ ಸವಾಲ್ ಪದ

ಒಲೆ ಮುಂದೆ ಕೂತು ಅಕ್ಕಿ ರೊಟ್ಟಿಯನ್ನು ಹೆಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದೆ. ಮಗಳು ಸ್ಪಂದನ ಪಕ್ಕದಲ್ಲಿ ಕಾಯಿ ತುರಿಯುತ್ತಾ ಏನೋ ಗುನುಗುತ್ತಿದ್ದಳು. ಹಲ್ಲುಜ್ಜುತ್ತಿದ್ದ ನನ್ನ ಗಂಡ ತೀರ್ಥೇಶ್, ಬ್ರಷ್ ಬಾಯಲ್ಲಿಟ್ಟುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನೊರೆ ಉಗಿದು ಕೇಳಿದರು.

"ಎಂತ ಅದು? ಇನ್ನೊಂದ್ಸಲ ಹಾಡು."

ಅವಳು ತಲೆ ತಗ್ಗಿಸಿ ಕಾಯಿ ತುರಿಯತೊಡಗಿದಳು.

"ಹಾಡೇ ಅಂದೆ! ನುಡಿ ಮುಗ್ಸುವಾಗ ದನಿನ ಹಂಗೆ ಜಾರಿಸೋರು ಯಾರು? ಶಿಕಾರಿಪುರದ ಚಿಕ್ಕಬೀರಪ್ಪನ ಮೇಳದೋರು ಅಲ್ದನೆ? ನನ್ನ ಮನೇಲಿ ಅವ್ನ ಮಟ್ಟು!"

ನಾನು ಏಳುವಷ್ಟರಲ್ಲಿ ಅವಳ ಜಡೆ ಅವರ ಮುಷ್ಟಿಯಲ್ಲಿತ್ತು. ತಲೆ ಗೋಡೆಗೆ ಬಡಿಯಿತು, ಮತ್ತೆ ಬಡಿಯಿತು. ನಡುವೆ ನುಗ್ಗಿದೆ. ಅವರು ತಳ್ಳಿದ ರಭಸಕ್ಕೆ ನನ್ನ ಅಂಗೈ ಕಾದ ಹೆಂಚಿನ ಮೇಲೆ ಊರಿತು. ಕಿತ್ತುಕೊಂಡಾಗ ಚರ್ಮ ಅಲ್ಲೇ ಉಳಿಯಿತು.

"ಇವತ್ತು ಆ ಮುದುಕನ ಕೈ ಮುರೀದೆ ಬರಲ್ಲ" ಎಂದು ಬೈಕು ಹತ್ತಿ ಹೋದರು.

ನನ್ನ ಗಂಡ ಕುಪ್ಪಗಡ್ಡೆಯಲ್ಲಿ ಗೀಗೀ ಪದ ಹಾಡುವ ಮೇಳದ ಮುಂದಾಳು. ಚಿಕ್ಕಬೀರಪ್ಪನವರದು ಎದುರು ಮೇಳ. ಒಂದು ಮೇಳ ಪದದಲ್ಲಿ ಸವಾಲು ಹಾಕಿದರೆ ಇನ್ನೊಂದು ಜವಾಬು ಕೊಡಬೇಕು, ಇಲ್ಲವೇ ಡಪ್ಪು ಕೆಳಗಿಟ್ಟು ಕಟ್ಟೆ ಇಳಿಯಬೇಕು. ಪದ ಕಟ್ಟುವುದನ್ನು ಕಲಿಸು ಎಂದು ಸ್ಪಂದನ ಮೊದಲು ಕೇಳಿದ್ದು ಅಪ್ಪನನ್ನೇ. "ಹೆಣ್ಮಕ್ಳು ಹಿಮ್ಮೇಳಕ್ಕೆ ಸಾಕು" ಎಂದು ನಕ್ಕಿದ್ದರು. ಅವಳು ಎರಡು ದಿನ ಊಟ ಬಿಟ್ಟಳು. ಆಮೇಲೆ ನಾನೇ, ಶಿಕಾರಿಪುರದ ತವರಿಗೆ ಹೋಗುವ ನೆಪದಲ್ಲಿ, ಅವಳನ್ನು ಪ್ರತಿ ಭಾನುವಾರ ಚಿಕ್ಕಬೀರಪ್ಪನವರ ಮನೆಗೆ ಕರೆದೊಯ್ಯತೊಡಗಿದೆ. ಬೇರೆ ಮೇಷ್ಟ್ರು ನನಗೆ ಗೊತ್ತಿರಲಿಲ್ಲ.

ಅವರು ಜಗಲಿಯಲ್ಲಿ ಕೂತು ಡಪ್ಪು ಬಡಿಯುತ್ತಿದ್ದರು. ಇವಳು ಆ ಪೆಟ್ಟಿಗೆ ಮಾತು ಕೂಡಿಸಬೇಕು. ನಾನು ಮೂಲೆಯಲ್ಲಿ ಹೂ ಕಟ್ಟುತ್ತಾ ಕೇಳುತ್ತಿದ್ದೆ.

"ಮೊದ್ಲು ಕಥಿ ಹೇಳು ಮಗಾ, ಅಳಬ್ಯಾಡ, ಬೈಬ್ಯಾಡ. ಕೊನೀಗೆ ಒಂದ ಪ್ರಶ್ನಿ. ಅದನ್ನ ಮನಿಯೊಳಗ ಕೇಳಿದ್ರ ಜಗಳ ಆಗ್ತತಿ. ನಾಕ್ ಮಂದಿ ಮುಂದ, ಹೆಸರು ಹಿಡಿದು ಕೇಳಿದ್ರ ಸವಾಲ್."

ಅವಳು ಕಟ್ಟಿದ ಪದದಲ್ಲಿ ಒಂದು ಖಾಲಿ ತೊಟ್ಟಿಲಿತ್ತು, ಅದರಲ್ಲಿ ಮಲಗಬೇಕಿದ್ದ ತಮ್ಮನಿದ್ದ. ಕೊನೆಯ ಪ್ರಶ್ನೆ ಮಾತ್ರ ಇರಲಿಲ್ಲ. ಮೇಷ್ಟ್ರು ಕೇಳಿದಾಗಲೆಲ್ಲ "ಇನ್ನೂ ಬಂದಿಲ್ಲಜ್ಜ" ಎನ್ನುತ್ತಿದ್ದಳು. ಬಂದಿದೆ ಎಂದು ನನಗೆ ಗೊತ್ತಿತ್ತು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಏಳು ತಿಂಗಳ ನನ್ನ ಬಸಿರು ಹೋಯಿತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಊರಿಗೆಲ್ಲ ಹೇಳಿದೆವು. ನನ್ನ ಗಂಡ ನನ್ನ ಹೊಟ್ಟೆಗೆ ಒದ್ದಾಗ ಬಾಗಿಲಲ್ಲಿ ನಿಂತಿದ್ದವಳು ಸ್ಪಂದನ. ಅವಳು ಒಮ್ಮೆಯೂ ಆ ಮಾತು ಎತ್ತಿರಲಿಲ್ಲ. ಎತ್ತಿದ ದಿನ ಇವರು ಅವಳನ್ನು ಜೀವಸಹಿತ ಬಿಡುವುದಿಲ್ಲ ಎಂದು ನಾನು ಹೆದರುತ್ತಿದ್ದೆ.

ಅವರ ಬೈಕು ಹೋದ ಬೆನ್ನಿಗೇ ಪಕ್ಕದ ಮನೆಯ ತಿಪ್ಪೇಶನ ಲಗೇಜ್ ಆಟೋ ಶಿಕಾರಿಪುರದ ಮಾರ್ಕೆಟ್ಟಿಗೆ ಹೊರಟಿತ್ತು. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಓಡಿದೆ. ಬೇಡವೆಂದರೂ ಸ್ಪಂದನ ನನಗಿಂತ ಮೊದಲೇ ಹತ್ತಿ ಕುಳಿತಿದ್ದಳು. ಅವಳ ಹಣೆ ಊದಿ ಒಂದು ಕಣ್ಣು ಮುಚ್ಚಿಕೊಂಡಿತ್ತು. ದಾರಿಯುದ್ದಕ್ಕೂ ನನ್ನ ಸೆರಗನ್ನು ಒದ್ದೆ ಮಾಡಿ ಒತ್ತುತ್ತಿದ್ದೆ.

ಓಣಿಯಲ್ಲಿ ಜನ ಸೇರಿದ್ದರು. ಚಿಕ್ಕಬೀರಪ್ಪನವರು ತಮ್ಮ ಹೊಸ್ತಿಲ ಮುಂದೆ ಬಿದ್ದಿದ್ದರು, ಬಾಯಿತುಂಬ ರಕ್ತ. ನನ್ನ ಗಂಡ ಅವರ ಬಲಗೈಯನ್ನು ಚಪ್ಪಡಿ ಕಲ್ಲಿಗೆ ಮೆಟ್ಟಿ ಹಿಡಿದಿದ್ದರು. ಇನ್ನೊಂದು ಸಲ ಕಾಲೆತ್ತಿ ತುಳಿದರು. ಒಣ ಕಟ್ಟಿಗೆ ಮುರಿದಂಥ ಸದ್ದು ಬಂತು.

"ಬಿಡ್ರೀ! ಮುದುಕ ಸತ್ತ್ ಹೋಗ್ತಾನ್ರೀ!" ಎದುರು ಮನೆಯ ದರ್ಜಿ ಕುಬ್ರಾ ಬೀ ನನ್ನ ಗಂಡನ ಅಂಗಿ ಹಿಡಿದು ಎಳೆದಳು. ಮೊಣಕೈಯಿಂದ ತಿವಿದರು. ಅವಳ ತುಟಿ ಒಡೆಯಿತು. "ನೋಡ್ಕೋತ ನಿಂತೀರಲ್ರೋ! ಸಿನಿಮಾ ಏನಿದು?" ಎಂದು ಅವಳು ಗಂಡಸರಿಗೆ ಉಗಿದಳು. ಯಾರೂ ಮುಂದೆ ಬರಲಿಲ್ಲ. ನಾನು ಹೋಗಿ ಗಂಡನ ಸೊಂಟ ಹಿಡಿದೆ. ಕಪಾಳಕ್ಕೆ ಬಿದ್ದ ಏಟಿಗೆ ಕಿವಿಯಲ್ಲಿ ಗುಂಯ್ ಎಂದಿತು, ಮೊಣಕಾಲೂರಿ ಬಿದ್ದೆ. ಅವರು ಒಲೆಗೆಂದು ಒಟ್ಟಿದ್ದ ಕಟ್ಟಿಗೆಯಿಂದ ಒಂದು ಕೊರಡು ಎಳೆದರು.

ಆಗ ಡಪ್ಪು ಮೊಳಗಿತು.

ಸ್ಪಂದನ ಒಳಗಿಂದ ಮೇಷ್ಟ್ರ ಡಪ್ಪು ತಂದು ಜಗಲಿಯ ಮೇಲೆ ನಿಂತಿದ್ದಳು. ಸವಾಲಿಗೆ ಮೊದಲು ಬಡಿಯುವ ಪೆಟ್ಟು ಅದು. ಆ ಪೆಟ್ಟು ಬಿದ್ದ ಮೇಲೆ, ಪ್ರಶ್ನೆ ಮುಗಿಯುವವರೆಗೆ, ಎದುರಿನವನು ಬಾಯಿ ಬಿಡುವಂತಿಲ್ಲ, ಕದಲುವಂತಿಲ್ಲ. ಇಷ್ಟು ವರ್ಷ ಮೇಳ ನಡೆಸಿದ ನನ್ನ ಗಂಡ, ಕೊರಡನ್ನು ಎತ್ತಿ ಹಿಡಿದ ಹಾಗೆಯೇ, ಅವಳ ಕಡೆ ತಿರುಗಿ ನಿಂತುಬಿಟ್ಟರು.

ಅವಳು ತೊಟ್ಟಿಲಿನ ನುಡಿ ಹಾಡಿದಳು. ತಾಳ ತಪ್ಪಲಿಲ್ಲ. ಓಣಿಯವರು ಹತ್ತಿರ ಬಂದರು.

"ಬೇಡ ಮಗಳೇ" ಎಂದೆ. ಎದ್ದು ಹೋಗಿ ಅವಳ ಬಾಯಿ ಮುಚ್ಚಬೇಕೆಂದು ಜಗಲಿ ಹತ್ತಿದೆ.

"ಹೆಸರು ಹಿಡಿ ಮಗಾ" ಎಂದರು ಕೆಳಗಿನಿಂದ ಮೇಷ್ಟ್ರು, ರಕ್ತ ಉಗಿಯುತ್ತಾ.

ಅವಳು ನನ್ನ ಮುಖ ನೋಡಿದಳು. ನನ್ನ ಸುಟ್ಟ ಕೈ ಅವಳ ಬಾಯಿಯವರೆಗೆ ಹೋಗಿತ್ತು. ಅದನ್ನು ಇಳಿಸಿದೆ. ಅವಳಿಗೂ ಕೊರಡಿಗೂ ನಡುವೆ ನಿಂತುಕೊಂಡೆ.

ನನ್ನ ಬೆನ್ನ ಹಿಂದೆ ಡಪ್ಪು ನಿಂತಿತು.

"ಕುಪ್ಪಗಡ್ಡೆ ತೀರ್ಥೇಶಪ್ಪ, ನಿನ್ನನ್ನೇ ಕೇಳ್ತಿದೀನಿ. ನನ್ನ ತಮ್ಮ ಹ್ಯಾಂಗೆ ಸತ್ತ?"