ಕೋಡಿ ತೆರೆದೇ ಇತ್ತು

"...ಸದರಿ ದಿನ ಕೆರೆಯ ಕೋಡಿ ಪೂರ್ತಿ ತೆರೆದಿದ್ದು, ನೀರು ಸರಾಗವಾಗಿ ಹರಿಯುತ್ತಿದ್ದಾಗ್ಯೂ, ಹಿಂದೆಂದೂ ಕಾಣದ ಮಳೆ ಬಿದ್ದ ಕಾರಣ ಏರಿ ಒಡೆದಿರುತ್ತದೆ," ಎಂದು ಓದಿ ಮುಗಿಸಿದ ವಿಲೇಜ್ ಅಕೌಂಟೆಂಟ್ ಕೃಷ್ಣಪ್ಪ ಮಹಜರನ್ನು ಶಾಲೆಯ ಮೇಷ್ಟರ ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಮೇಲೆ ಡಸ್ಟರ್ ಇಟ್ಟ. ಹದಿನಾಲ್ಕು ಜನ ಆಗಲೇ ರುಜು ಹಾಕಿ ಆಗಿತ್ತು. ಉಳಿದಿದ್ದು ನೀರುಗಂಟಿ ತಮ್ಮಯ್ಯನದು ಒಂದೇ. ಕೆರೆಯ ತೂಬು, ಕೋಡಿ ಎರಡನ್ನೂ ನೋಡಿಕೊಳ್ಳುವವನ ರುಜು ಇಲ್ಲದ ಮಹಜರನ್ನು ಮೇಲಿನವರು ಮೂಸಿಯೂ ನೋಡುವುದಿಲ್ಲ ಎಂದು ಕೃಷ್ಣಪ್ಪ ಬೆಳಗಿನಿಂದ ಮೂರು ಸಲ ಹೇಳಿದ್ದ.

ತಮ್ಮಯ್ಯ ಬಾಗಿಲ ಬಳಿ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದ. ಏಳಲಿಲ್ಲ.

ಕೋಡಿ ತೆರೆದಿರಲಿಲ್ಲ. ಇದು ರುಜು ಹಾಕಿದ ಹದಿನಾಲ್ಕು ಜನಕ್ಕೂ ಗೊತ್ತಿತ್ತು. ಪ್ರತಿ ವರ್ಷ ಹಸ್ತಾ ಮಳೆ ಕಳೆಯುತ್ತಲೇ ಕಲ್ಲು ಜೋಡಿಸಿ, ಮಣ್ಣು ತುಂಬಿದ ಗೋಣಿಚೀಲ ಒಟ್ಟಿ ಕೋಡಿಯನ್ನು ಎರಡು ಅಡಿ ಎತ್ತರಿಸುವುದು ಆ ಊರಿನ ರೂಢಿ. ಹೆಚ್ಚಿಗೆ ನಿಂತ ಆ ಎರಡಡಿ ನೀರಿನಲ್ಲಿ ಬೇಸಿಗೆ ಭತ್ತ ಆಗುತ್ತಿತ್ತು. ಕಟ್ಟು ಎಂದು ಹೇಳುವುದು ಗೌಡರ ಮನೆಯವರು, ಕಟ್ಟುವುದು ನೀರುಗಂಟಿ. ಬಿಚ್ಚುವಾಗಲೂ ಹಾಗೆಯೇ. ಗೌಡರು ಹೇಳದೆ ನೀರುಗಂಟಿ ಒಂದು ಕಲ್ಲನ್ನೂ ಕೀಳುವಂತಿಲ್ಲ. ನೀರುಗಂಟಿಯ ಹೊರತು ಊರಿನ ಇನ್ನೊಂದು ನರಪಿಳ್ಳೆ ಅದಕ್ಕೆ ಕೈ ಹಚ್ಚುವಂತಿಲ್ಲ. ಯಾವ ಕಾಲದಲ್ಲಿ ಯಾರು ಮಾಡಿದ ಕಟ್ಟಳೆಯೋ, ನೀರಿಗಾಗಿ ಹೊಡೆದಾಟ ಆಗಬಾರದು ಎಂದು ಮಾಡಿದ್ದಿರಬೇಕು. ಆ ಮಟ್ಟಿಗೆ ಅದು ಚೆನ್ನಾಗಿಯೇ ನಡೆದಿತ್ತು. ಹೊಡೆದಾಟ ಆಗಿರಲಿಲ್ಲ.

ಆಗಿದ್ದು ಇದು: ಚಿತ್ತಾ ಮಳೆಯ ಒಂದು ಬೆಳಿಗ್ಗೆ ಮೇಲಿನ ಮೂರು ಕಟ್ಟೆಗಳ ನೀರು ಒಟ್ಟಿಗೆ ನುಗ್ಗಿ ಬಂತು, ಮಧ್ಯಾಹ್ನದ ಹೊತ್ತಿಗೆ ಏರಿ ಒಡೆಯಿತು, ಏರಿಯ ಕೆಳಗಿದ್ದ ಕಾಲೋನಿಯ ಇಪ್ಪತ್ತೆರಡು ಮನೆ ಕಾಲು ಗಂಟೆಯಲ್ಲಿ ನೆಲಸಮವಾದವು. ಜನ ಕೂಗು ಕೇಳಿ ಓಡಿ ಬಚಾವಾದರು. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಹುಚ್ಚಮ್ಮ ಮಾತ್ರ ಓಡಲಾರದೆ ಹೋದಳು. ಹುಚ್ಚಮ್ಮ ತಮ್ಮಯ್ಯನ ಅಕ್ಕ.

"ಯಾಕ್ಲಾ ತಮ್ಮಯ್ಯ, ಬಾ," ಎಂದರು ಕೆಂಚಪ್ಪಗೌಡರು. ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಹನ್ನೊಂದು ದಿನದಿಂದ ಶಾಲೆಯಲ್ಲಿದ್ದ ಕಾಲೋನಿಗೆ ಎರಡು ಹೊತ್ತು ಮುದ್ದೆ, ಸಾರು ಬರುತ್ತಿದ್ದುದು ಅವರ ಮನೆಯಿಂದ. ಕೊಬ್ಬರಿ ಮುಚ್ಚುವ ಟಾರ್ಪಾಲು ತಂದು ಹೆಂಗಸರಿಗೆ ಬಚ್ಚಲು ಮಾಡಿಸಿದ್ದರು. ಕೆಸರಿನಿಂದ ಹುಚ್ಚಮ್ಮನನ್ನು ಎತ್ತಿದಾಗ ಹೊದಿಸಲು ಬಟ್ಟೆ ಸಿಗದೆ ತಮ್ಮ ಹೆಗಲ ಮೇಲಿನ ಪಂಚೆಯನ್ನೇ ಕೊಟ್ಟವರು. ಅವರ ಮೇಲೆ ಸಿಟ್ಟು ಬರುವಂತಿದ್ದರೆ ತಮ್ಮಯ್ಯನಿಗೆ ಎಷ್ಟೋ ಸಲೀಸಾಗುತ್ತಿತ್ತು.

"ಇದ್ರಾಗೆ ಯೋಚ್ನೆ ಮಾಡಾಕೆ ಏನೈತೆ? ಪ್ರಕೃತಿ ವಿಕೋಪ ಅಂತ ಆದ್ರೆ ಸಂಕ್ರಾಂತಿ ಒಳಗೆ ಎಲ್ರಿಗೂ ಮನೆ," ಎಂದರು ಗೌಡರು.

"ಊರೋರೇ ಕೋಡಿ ಕಟ್ಟಿದ್ರು ಅಂತ ಒಂದು ಮಾತು ಬಂದ್ರೂ ವಿಚಾರಣೆ ಶುರುವಾಗುತ್ತೆ," ಎಂದ ಕೃಷ್ಣಪ್ಪ. "ಆಮೇಲೆ ಮನೆ ನಿಮ್ಮ ಮೊಮ್ಮಕ್ಕಳು ನೋಡ್ಬೇಕು."

ಕಾಲೋನಿಯವರೂ ಕಿಟಕಿಯ ಆಚೆ ನಿಂತು ಕೇಳುತ್ತಿದ್ದರು. ತಮ್ಮಯ್ಯನ ಹೆಂಡತಿ ಮುದ್ದಮ್ಮ ಸರಳಿಗೆ ಮುಖ ಒತ್ತಿ, "ಹಾಕ್ಬುಡು, ನಿನ್ ದಮ್ಮಯ್ಯ," ಎಂದಳು. "ನಾಕು ರೂಮಲ್ಲಿ ಇಪ್ಪತ್ತೆರಡು ಮನೇರು. ಎದೆಹಾಲು ಕುಡ್ಸೋ ಹೆಣ್ಮಕ್ಳು ಗ್ವಾಡೆ ಕಡಿಕೆ ತಿರುಕ್ಕಂಡು ಕುಂತವ್ರೆ."

ಬೇಡ ಎಂದು ಹೇಳುತ್ತಿದ್ದವನು ಒಬ್ಬನೇ, ಹುಚ್ಚಮ್ಮನ ಮಗ ಮಧುಕುಮಾರ್. ಅರಸೀಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಕ್ವಾರ್ಟರ್ಸಿಗೆ ಬಾ ಎಂದು ವರ್ಷಗಟ್ಟಲೆ ತಾಯಿಯನ್ನು ಕರೆದಿದ್ದ. ರೈಲು ಕೂಗಿದರೆ ಎದೆ ಹಾರುತ್ತದೆ ಎಂದು ಅವಳು ಹೋಗಿರಲಿಲ್ಲ. ಬುದ್ಧನ ಪಟದ ಮುಂದೆ ಮೂರು ಶರಣು ಹೇಳಿ ತಾಯಿಯನ್ನು ಮಣ್ಣು ಮಾಡಿದಾಗಿನಿಂದ ದಿನಾ ಹಳೇಬೀಡಿನ ಬಸ್ಸು ಹಿಡಿದು ಬರುತ್ತಿದ್ದ. ಅವನು ಒಳಗೆ ಬಂದು, "ಮಾವ, ಎದ್ದು ಬಾ ಹೊರಗೆ," ಎಂದು ಸೋದರಮಾವನ ರಟ್ಟೆ ಹಿಡಿದು ಎಬ್ಬಿಸಿದ. ಯಾರೂ ತಡೆಯಲಿಲ್ಲ. ಹೆತ್ತ ತಾಯಿಯನ್ನು ಕಳೆದುಕೊಂಡವನನ್ನು ಏನೆಂದು ತಡೆಯುವುದು?

ಶಾಲೆಯ ಹಿಂದಿನ ಬೋರಿಂಗ್ ಹತ್ತಿರ ಇಬ್ಬರೂ ನಿಂತರು.

"ಎರಡು ಮಾತು ಹೇಳು ಸಾಕು. ಗೌಡ್ರು ಹೇಳಿದ್ರು, ನಾನು ಕಟ್ಟಿದೆ. ಮುಗೀತು," ಎಂದ ಮಧುಕುಮಾರ್. "ವಿಚಾರಣೆ ಆಗ್ಲಿ ಮಾವ. ಇಲ್ದಿದ್ರೆ ಅದೇ ಜಾಗದಲ್ಲಿ, ಅದೇ ಏರಿ ಕೆಳಗೆ ಮನೆ ಕಟ್ಟಿ ಕೊಡ್ತಾರೆ. ಮುಂದಿನ ಸಲ ಯಾರು ಹೋಗ್ಬೇಕು? ಅತ್ತೆನಾ?"

ತಮ್ಮಯ್ಯ ಬೋರಿಂಗಿನ ಕಟ್ಟೆಯ ಮೇಲೆ ಕೂತ. ಹನ್ನೊಂದು ದಿನದಿಂದ ಹೇಳದೆ ಇಟ್ಟುಕೊಂಡಿದ್ದ ಮಾತು. ಯಾರಾದರೂ ಕೇಳಲಿ ಎಂದು ಕಾದಿದ್ದ, ಯಾರೂ ಕೇಳಿರಲಿಲ್ಲ.

"ನಾನು ಅಲ್ಲೇ ಇದ್ದೆ ಕಣಪ್ಪ," ಎಂದ.

"ಎಲ್ಲಿ?"

"ಕೋಡಿ ಮೇಲೆ. ಹಾರೆ ಹಿಡ್ಕಂಡು. ಹತ್ತು ಗಂಟೆಯಿಂದ್ಲೂವೆ. ನೀರು ಚೀಲಕ್ಕೆ ನಾಕು ಬೆರಳು ಕೆಳಗಿತ್ತು. ಐದಾರು ಕಲ್ಲು ಮೀಟಿದ್ರೆ ಉಳಿದಿದ್ದನ್ನ ನೀರೇ ತಳ್ಕಂಡು ಹೋಗ್ತಿತ್ತು."

ತಮ್ಮಯ್ಯ ಮುಂದುವರಿಸಿದ. ಹೋದ ವರ್ಷದ ಹಿಂದಿನ ವರ್ಷ ಒಂದು ಮಳೆಗೆ ಹೆದರಿ, ಕೇಳದೆ ಕೋಡಿ ಬಿಚ್ಚಿದ್ದ. ಮಳೆ ಅವತ್ತು ಸಂಜೆಗೇ ನಿಂತಿತು. ಆ ಬೇಸಿಗೆ ತೆನೆಯ ಹೊಡೆ ತುಂಬಿದ ಭತ್ತ ಒಣಗಿದಾಗ ಊರಿನವರು ಅವನನ್ನು ಮಾತಾಡಿಸುವುದನ್ನೇ ಬಿಟ್ಟಿದ್ದರು. ಗೌಡರು ಬೈದಿರಲಿಲ್ಲ. ಅರಳಿಕಟ್ಟೆಯಲ್ಲಿ ಎಲ್ಲರೆದುರು, "ನಿಮ್ಮಪ್ಪ ಹಿಂಗೆ ಮಾಡ್ತಿರ್ಲಿಲ್ಲ," ಎಂದಿದ್ದರು ಅಷ್ಟೇ.

"ಅದುಕ್ಕೇ ಈ ಸಲ ಹೇಳಿ ಕಳಿಸ್ದೆ. ಗೌಡ್ರು ಕೊಬ್ರಿ ತಗಂಡು ಅರಸೀಕೆರೆಗೆ ಹೋಗವ್ರೆ, ಒಂದು ಗಂಟೆ ಬಸ್ಸಿಗೆ ಬತ್ತಾರೆ ಅಂದ್ರು. ಏರಿ ಮ್ಯಾಲೆ ಇಪ್ಪತ್ತು ಜನ ಇದ್ರು. ಎಲ್ರೂ ಅವ್ರು ಬರ್ಲಿ ತಡಿ ಅಂದ್ರು. ಒಂದು ಗಂಟೆ ತಂಕ ತಡೀತೈತೆ ಅನ್ಕಂಡೆ. ಹನ್ನೆರಡೂವರೆಗೆ ಹೋಯ್ತು."

"ಇಪ್ಪತ್ತು ಜನ ಇದ್ರು." ಮಧುಕುಮಾರನ ದನಿ ಒಡೆಯಿತು. "ಒಬ್ಬನಾದ್ರೂ ನಿನ್ ಕೈಯಿಂದ ಆ ಹಾರೆ ಕಿತ್ಕಳ್ಲಿಲ್ವಾ?"

"ಅವ್ರ ಕೆಲಸ ಅಲ್ವಲ್ಲಪ್ಪ ಅದು."

ಮಧುಕುಮಾರ್ ಬೋರಿಂಗಿನ ಹಿಡಿ ಒತ್ತಿದ. ಬಂದ ನೀರನ್ನು ಮುಖಕ್ಕೆ ಎರಚಿಕೊಂಡ, ಮತ್ತೆ ಒತ್ತಿದ, ಮತ್ತೆ ಎರಚಿಕೊಂಡ. ಅಂಗಿಯ ಎದೆಯೆಲ್ಲ ನೆನೆದುಹೋಯಿತು. ಹೊಡೆಯಲಿ ಎಂದು ತಮ್ಮಯ್ಯ ತಲೆ ಬಗ್ಗಿಸಿ ಕಾದ. ನಿಜವಾಗಿಯೂ ಅದನ್ನೇ ಬಯಸಿದ್ದ. ಎತ್ತಿ ಆಡಿಸಿದ ಹುಡುಗ ಎರಡು ಏಟು ಹಾಕಿದರೆ ಉಸಿರಾಡುವಷ್ಟು ಜಾಗವಾದರೂ ಆಗುತ್ತಿತ್ತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ. ಈಗ ಒಳಿಕ್ಕೋಗಿ ಹೇಳ್ತೀನಿ. ಬರ್ಕಳ್ಲಿ."

"ಬೇಡ." ಮಧುಕುಮಾರ್ ಕರ್ಚೀಫಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. "ರುಜು ಹಾಕು."

"ನೀನೇ ಬ್ಯಾಡ ಅಂದ್ಯಲ್ಲೋ?"

"ವಿಚಾರಣೆ ಅಂತ ಬಂದ್ರೆ ಗೌಡ್ರು ಅರಸೀಕೆರೇಲಿದ್ದೆ ಅಂತಾರೆ. ಇದ್ರು ನಿಜ. ಆ ಇಪ್ಪತ್ತು ಜನ ನಮ್ಮ ಕೆಲಸ ಅಲ್ಲ ಅಂತಾರೆ. ಅದೂ ನಿಜ. ಉಳಿಯೋದು ನೀನು ಒಬ್ಬ. ಅವ್ವ ಹೋದ್ಲು. ನಿನ್ನನ್ನೂ ಜೈಲಿಗೆ ಕಳಿಸಿ ನಾನು ಯಾರನ್ನ ಇಟ್ಕೊಳ್ಲಿ ಮಾವ?" ಅವನು ಅಳುತ್ತಿದ್ದ. "ಹಾಕ್ಬುಡು. ದಮ್ಮಯ್ಯ, ಹಾಕ್ಬುಡು."

ತಮ್ಮಯ್ಯ ಒಳಗೆ ಹೋದ. ಆದರೂ ಒಮ್ಮೆ ನೋಡಿಯೇಬಿಡೋಣ ಅನ್ನಿಸಿತೋ ಏನೋ, ಮೇಜಿನ ಮುಂದೆ ನಿಂತು, "ಕೋಡಿ ಕಟ್ಟಿತ್ತು. ನಾನೇ ಕಟ್ಟಿದ್ದೆ. ಅಲ್ಲೇ ನಿಂತಿದ್ದೆ," ಎಂದ.

ಕೃಷ್ಣಪ್ಪ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಕೆಂಚಪ್ಪಗೌಡರು ಎದ್ದು ಬಂದು ತಮ್ಮಯ್ಯನ ಬೆನ್ನ ಮೇಲೆ ಕೈಯಿಟ್ಟರು.

"ಅಕ್ಕ ಹೋದಾಗಿಂದ ಹೊಟ್ಟೆಗೆ ಸರಿಯಾಗಿ ಹಾಕ್ಕಂಡಿಲ್ಲ ಇವ್ನು. ಮನಸಿಗೆ ಹಚ್ಕಂಡು ಏನೇನೋ ಆಡ್ತಾನೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಕಿವಿಯ ಹತ್ತಿರ ಬಾಗಿ, "ನಿಂದೊಂದೇ ಅಲ್ಲ ಕಣ್ಲಾ. ನಂಗೂ ಕಣ್ಣು ಮುಚ್ಚಾಕೆ ಆಯ್ತಿಲ್ಲ," ಎಂದರು. ತಮ್ಮಯ್ಯ ಅವರ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು.

ಸಾಕ್ಷರತಾ ಆಂದೋಲನದವರು ಇದೇ ಕೊಠಡಿಯಲ್ಲಿ ಕಲಿಸಿದ್ದ ಮೂರು ಅಕ್ಷರವನ್ನು ತಮ್ಮಯ್ಯ ಒತ್ತಿ ಒತ್ತಿ ಬರೆದ. ಕಿಟಕಿಯ ಆಚೆ ಯಾರೋ ಹೆಂಗಸು ಸ್ವಾಮಿ ಕಾಪಾಡಿದ ಎಂದಳು. ಕೃಷ್ಣಪ್ಪ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟ.

ಮನೆಗಳು ಮಂಜೂರಾದವು. ಕಾರ್ತೀಕ ಮುಗಿಯುವುದರೊಳಗೆ ಕಾಲೋನಿಯ ಹಳೆಯ ಜಾಗದಲ್ಲಿ ಗೂಟ ಹೊಡೆದು, ದಾರ ಎಳೆದು, ಸುಣ್ಣದ ಪುಡಿಯಲ್ಲಿ ಇಪ್ಪತ್ತೆರಡು ಚೌಕ ಬರೆದರು. ಏರಿಯ ಬಾಯಿ ಮುಚ್ಚಲು ಟ್ರ್ಯಾಕ್ಟರು ಕಲ್ಲು ತಂದು ಸುರಿಯಿತು. ಮೇಲಿನ ಮಣ್ಣು ಮಾತ್ರ ಊರಿನವರೇ ಮನೆಗೊಂದು ಆಳಿನಂತೆ ಹಾಕಬೇಕೆಂದು ತೀರ್ಮಾನವಾಯಿತು. ಆ ಸೋಮವಾರ ಬೆಳಿಗ್ಗೆ ಏರಿಯ ಮೇಲೆ ನಲವತ್ತು ಐವತ್ತು ಜನ ಸೇರಿದ್ದರು. ಊರಿನವರು, ಕಾಲೋನಿಯವರು, ಗೌಡರ ಸೊಸೆಯಂದಿರು ಕೂಡ ಸೆರಗು ಸಿಕ್ಕಿಸಿಕೊಂಡು ಬಂದಿದ್ದರು. ಒಡೆದ ಕಡೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದದ್ದಾಯಿತು.

ಏರಿಗೆ ಬೀಳುವ ಮೊದಲ ಬುಟ್ಟಿ ಮಣ್ಣು ನೀರುಗಂಟಿಯದಾಗಿರಬೇಕು. ಗೌಡರೇ ಬುಟ್ಟಿ ತುಂಬಿಸಿ ತಮ್ಮಯ್ಯನ ತಲೆಗೆ ಎತ್ತಿದರು. ಅವನು ನಾಲ್ಕು ಹೆಜ್ಜೆ ನಡೆದು ಅಂಚಿಗೆ ಬಂದು ನಿಂತ. ಅಲ್ಲಿಂದ ಕೆಳಗೆ ಸುಣ್ಣದ ಗೆರೆಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಹಳೆಯ ಮನೆಯ ಖಾತೆಯಂತೆ ಮೂಲೆಯದು ಹುಚ್ಚಮ್ಮನ ಹೆಸರಿಗೇ ಬಂದಿತ್ತು. ಮುದ್ದಮ್ಮ ಅದರೊಳಗೆ ನಿಂತು ಅಡುಗೆಮನೆ ಎಲ್ಲಿ ಬರುತ್ತದೆ ಎಂದು ಯಾರಿಗೋ ಕೈಮಾಡಿ ತೋರಿಸುತ್ತಿದ್ದಳು.

ತಮ್ಮಯ್ಯನ ಕೈ ಬುಟ್ಟಿಯ ಅಂಚನ್ನು ಹಿಡಿದೇ ಇತ್ತು. ಮಣ್ಣು ಸುರಿಯಲಿಲ್ಲ.

"ಹಾಕ್ಲಾ ತಮ್ಮಯ್ಯ," ಎಂದರು ಗೌಡರು.

ಹಿಂದೆ ಸಾಲು ಬೆಳೆದು ನಿಂತಿತ್ತು. ಎಲ್ಲರ ತಲೆಯ ಮೇಲೂ ತುಂಬಿದ ಬುಟ್ಟಿ. "ಬಿರ್‍ರನೆ ಹಾಕಪ್ಪ, ಕತ್ತು ಬಿದ್ದೋಯ್ತೈತೆ," ಎಂದಳು ಕಾಲೋನಿಯ ಮುದುಕಿ ರುದ್ರಮ್ಮ. ಆದರೆ ಅವಳೂ ನಿಂತಲ್ಲಿಂದ ಕದಲಲಿಲ್ಲ. ತಮ್ಮಯ್ಯ ತಿರುಗಿ ನೋಡಿದ. ಸಾಲಿನ ಮೂರನೆಯವನು ಮಧುಕುಮಾರ್. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿ, ತಲೆಯ ಮೇಲೆ ಸಿಂಬೆ ಇಟ್ಟು, ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮಾವ ಮೊದಲು ಹಾಕಲಿ ಎಂದು ಅವನೂ ಎಲ್ಲರ ಹಾಗೆ ಕಾಯುತ್ತಿದ್ದ.