ಬಿಸಿಯೇರದ ಕಾರು

“ಇಳಿಸ್ರೋ, ಇಳಿಸ್ರಿ! ಚಟ್ಟ ಹೊರಗೋಗಲ್ಲ,” ಎಂದು ನರಸಿಂಹಪ್ಪ ಕೂಗಿದ. ಹೆಗಲು ಕೊಟ್ಟವರು ಅಂಗಳದಲ್ಲೇ ಚಟ್ಟ ಇಳಿಸಿದರು.

ದಿಬ್ಬೂರಹಳ್ಳಿಯ ಚೆನ್ನರಾಯಪ್ಪನ ಕಾರು ಅವನ ಮನೆಯ ಹೊರಬಾಗಿಲಿಗೇ ಅಡ್ಡ ನಿಂತಿತ್ತು. ಹಿಂದಿನ ದಿನ ಬೆಳಿಗ್ಗೆ, ಮಂಜಿನಲ್ಲಿ ಇಂಜಿನ್ ಶುರು ಮಾಡಲು ಅದರ ಹ್ಯಾಂಡಲ್ ತಿರುಗಿಸುತ್ತಲೇ ಅವನು ಎದೆ ಹಿಡಿದುಕೊಂಡು ಕುಸಿದಿದ್ದ. ಬಂದವರೆಲ್ಲ ಕಾರಿನ ಪಕ್ಕದಲ್ಲಿ ನುಸುಳಿ ಒಳಗೆ ಬಂದಿದ್ದರು. ಚಟ್ಟ ನುಸುಳುವಂತಿರಲಿಲ್ಲ.

“ಸತ್ತ ಮೇಲೂ ದಾರಿ ಬಿಡಲ್ಲ ಅಂತಾನಲ್ಲ ನಮ್ಮ ಭಾವ,” ಎಂದ ನರಸಿಂಹಪ್ಪ.

“ಅದಕ್ಕೆ ಚಳಿ ಕಣಪ್ಪ,” ಎಂದಳು ಪಕ್ಕದ ಮನೆಯ ಗಂಗುಲಮ್ಮ. “ಕಂಬಳಿ ಹೊದಿಸ್ರಿ, ತಾನೇ ಎದ್ದೋಗುತ್ತೆ.”

ಯಾರೋ ಮೂಗಿನಲ್ಲೇ ನಕ್ಕರು. ಪ್ರತಿ ಚಳಿಗಾಲವೂ ಮನೆಯ ಒಳ್ಳೆಯ ಕಂಬಳಿ ಕಾರಿನ ಮೂತಿಗೆ, ಹರಕಲು ಹೆಂಡತಿಗೆ. ಊರೆಲ್ಲ ನೋಡಿದ್ದೇ.

ಗೌರಿಬಿದನೂರಿನಿಂದ ಬಂದಿದ್ದ ಒಬ್ಬಳೇ ಮಗಳು ಲಕ್ಷ್ಮಿದೇವಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಅಪ್ಪನ ಬಾಯಿಗೆ ಅಕ್ಕಿ ಹಾಕಿರಲಿಲ್ಲ.

“ಪೋನೀಲೇಮ್ಮಾ, ಹೋಗ್ಲಿ ಬಿಡು,” ಎಂದಳು ಗಂಗುಲಮ್ಮ. “ಸತ್ತೋನ ಮೇಲೆ ಇನ್ನೇನು ಕೋಪ? ಒಂದು ಕಾಳು ಹಾಕ್ಬಾರ್ದಾ?”

“ನನ್ ಕೈಲಾಗಲ್ಲ ಅತ್ತೆ.”

ತಾಯಿ ಕದಿರಮ್ಮ ಬಲವಂತ ಮಾಡಲಿಲ್ಲ.

*

ಕಾರು ಮನೆಗೆ ಬಂದದ್ದು ಐವತ್ತೆರಡನೇ ಇಸವಿಯಲ್ಲಿ, ಆಗಲೇ ಮುದಿಯಾಗಿ. ಸುತ್ತಮುತ್ತ ಇನ್ನಾರಿಗೂ ಕಾರಿಲ್ಲ ಎಂಬುದಷ್ಟೇ ಚೆನ್ನರಾಯಪ್ಪನ ದೊಡ್ಡಸ್ತಿಕೆ. ಒಂದು ಬೇಸಿಗೆಯಲ್ಲಿ ಅದು ಚಿಂತಾಮಣಿ ರಸ್ತೆಯಲ್ಲಿ ಕುದಿದು ನಿಂತಾಗ, ನೀರಿಗೆ ಅಡ್ಡ ಕೂತಿದ್ದ ಥರ್ಮೋಸ್ಟಾಟ್ ಎಂಬ ಹಿತ್ತಾಳೆಯ ಬಿರಡೆಯನ್ನು ಕಿತ್ತು ಬೇಲಿಗೆ ಎಸೆದ. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆದಿಡುವುದೇ ಅದರ ಕೆಲಸ. “ಅದೆಲ್ಲ ಬಿಳಿಯರ ದೇಶದ ಚಳಿಗೆ ಕಣೋ, ನಮಗ್ಯಾಕೆ?” ಎಂದು ಊರಿಗೆಲ್ಲ ಪಾಠ ಹೇಳಿದ.

ಆ ಪುಷ್ಯಮಾಸದಲ್ಲಿ, ಚೊಚ್ಚಲ ಬಸುರಿ ಲಕ್ಷ್ಮಿದೇವಮ್ಮನಿಗೆ ಬೆಳಗಿನ ಹೊತ್ತು ನೋವು ಬಂತು. ಶಿಡ್ಲಘಟ್ಟದ ಆಸ್ಪತ್ರೆಗೆಂದು ಕಾರಿನಲ್ಲಿ ಕೂರಿಸಿದರು. ಇಂಜಿನ್ ಹೊತ್ತಿಕೊಂಡಿತು, ಕೆಮ್ಮಿತು. ಬಿಸಿ ಮಾತ್ರ ಏರಲೊಲ್ಲದು.

“ಹೆಂಗಾದ್ರೂ ಓಡಿಸ್ರಿ ಭಾವ!” ಎಂದ ನರಸಿಂಹಪ್ಪ.

“ತಣ್ಣಗಿರೋ ಇಂಜಿನ್ ಓಡಿಸಿದ್ರೆ ಸವೆದೋಗುತ್ತೆ. ಬಿಸಿಯಾಗ್ಲಿ ತಡಿಯೋ.”

“ಅಪ್ಪಾ, ಆಗ್ತಿಲ್ಲಪ್ಪಾ...”

“ಇನ್ನೇನಮ್ಮ, ಶಾಖದ ಮುಳ್ಳು ಏಳ್ತಾ ಇದೆ.”

ಮುಳ್ಳು ಏಳಲಿಲ್ಲ. ಕೊನೆಗೆ ನರಸಿಂಹಪ್ಪ ಅವಳನ್ನು ಎತ್ತಿ ಗಾಡಿಯಲ್ಲಿ ಮಲಗಿಸಿ ಎತ್ತು ಹೂಡಿದ. ಮಗು ದಾರಿಯಲ್ಲೇ ಹುಟ್ಟಿತು. ಅಳಲಿಲ್ಲ.

ಆ ವಾರವೇ ಚೆನ್ನರಾಯಪ್ಪ ಹೊಸ ಥರ್ಮೋಸ್ಟಾಟ್ ತಂದ. ಬಾಣಂತಿಯ ಸ್ನಾನಕ್ಕೆ ಕಾಯುತ್ತಿದ್ದ ಹಂಡೆಯೊಳಕ್ಕೆ, ಕೆಲಸ ಮಾಡುತ್ತದೋ ನೋಡಲು, ಅದನ್ನು ದಾರ ಕಟ್ಟಿ ಇಳಿಬಿಟ್ಟ. ಬಿಸಿಗೆ ಅದು ಬಾಯಿ ತೆರೆದದ್ದು ಕಂಡು ಹಿಗ್ಗಿ, ಹೆಂಡತಿಯನ್ನು ಕರೆದ.

“ನೋಡೇ! ಇದೊಂದಿದ್ದಿದ್ರೆ ಅವತ್ತು ಹಂಗಾಗ್ತಿರ್ಲಿಲ್ಲ.”

ಕದಿರಮ್ಮ ಆ ನೀರನ್ನು ಚೆಲ್ಲಿ, ಹಂಡೆ ಉಜ್ಜಿ, ಬೇರೆ ನೀರು ಕಾಯಿಸಿದಳು. ಆಮೇಲೆ ಅವಳು ಗಂಡನೊಡನೆ ಊಟಕ್ಕೆ ಕರೆಯುವಷ್ಟು ಮಾತು ಬಿಟ್ಟು ಇನ್ನೊಂದು ಆಡಿದ್ದನ್ನು ಯಾರೂ ಕೇಳಲಿಲ್ಲ.

*

“ಬ್ರೇಕ್ ಬಿಟ್ಟೆ. ತಳ್ರಪ್ಪಾ!” ಎನ್ನುತ್ತ ನರಸಿಂಹಪ್ಪ ಕಾರಿನಿಂದ ಇಳಿದ.

ಗಂಡಸರು ನೂಕಿದರು. ಕಾರು ಅಲುಗಲಿಲ್ಲ. ಲಕ್ಷ್ಮಿದೇವಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಟ್ಟದ ಪಕ್ಕದಲ್ಲೇ ಅತ್ತ ನೋಡದೆ ಹಾದು ಬಂದಳು.

“ನೀನ್ಯಾಕಮ್ಮ, ಬಿಡು,” ಎಂದ ನರಸಿಂಹಪ್ಪ.

“ಇದಕ್ಕಾದ್ರೆ ಹೆಗಲು ಕೊಡ್ತೀನಿ ಮಾವ.”

ಅವಳು ಕಾರಿನ ಬೆನ್ನಿಗೆ ಹೆಗಲು ಒತ್ತಿ ಹಲ್ಲು ಕಚ್ಚಿದಳು. ಕಾರು ಕಿರುಗುಟ್ಟಿ ಕದಲಿತು. ಇಳಿಜಾರು ಸಿಕ್ಕಿದ್ದೇ ತಾನಾಗಿ ಓಡಿ, ತಿಪ್ಪೆಯಲ್ಲಿ ಮೂತಿ ಹೂತು ನಿಂತಿತು. ಹೆಣದ ಮುಂದೆಯೇ ಜನ ನಕ್ಕುಬಿಟ್ಟರು. ಕದಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕುಲುಕುತ್ತಿದ್ದ ಅವಳ ಭುಜ ಹಿಡಿಯಲು ಹೋದ ಗಂಗುಲಮ್ಮ, ಮುಖ ನೋಡಿ ಕೈ ತೆಗೆದಳು.

ಚಟ್ಟ ಎದ್ದಿತು. ಗಂಡಸರು ಹೊರಟರು. ಲಕ್ಷ್ಮಿದೇವಮ್ಮ ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಳು. ಸೀಳಿದ ತಿಪ್ಪೆಯ ಒಳಗಿನಿಂದ ಬಿಸಿ ಹಬೆ ಎದ್ದು, ಕಾರಿನ ಮೂತಿಯ ಸುತ್ತ ನಿಧಾನವಾಗಿ ಆಡತೊಡಗಿತು.